ರಿಂಗ್ ಕೊಟ್ಟು ಕಾಯುವವಳು

ಶಿವಲಕ್ಷ್ಮಮ್ಮ ಮೊದಲ ಸಲ ನಮ್ಮ ಶೆಡ್ಡಿಗೆ ಬಂದಾಗ ತಲೆಯ ಮೇಲೆ ಒಂದು ಗೋಣಿಚೀಲವಿತ್ತು. ಹಿಂದೂಪುರದಲ್ಲಿ ಚೀಲ ಹೊತ್ತವರು ಹೋಗುವುದು ಹುಣಸೆಹಣ್ಣಿನ ಮಂಡಿಗೆ, ಇಲ್ಲವೇ ರೇಷ್ಮೆಗೂಡಿನ ಮಾರುಕಟ್ಟೆಗೆ. ಯಾರೋ ದಾರಿ ತಪ್ಪಿ ಬಂದಿದ್ದಾರೆ ಅಂದುಕೊಂಡು, "ಮಂಡಿ ಆ ಕಡೆ ಐತೆ ಕಣಮ್ಮ, ಇದು ಕರೆಂಟಿನ ಡಬ್ಬ ಮಾಡೋ ಜಾಗ" ಅಂದೆ. ನನ್ನ ಬಾಯಿ ಯಾವಾಗಲೂ ಕೈಗಿಂತ ಮುಂದೆ. ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನೇರ ಒಳಗೆ ಬಂದು ಚೀಲವನ್ನು ಮಾಲೀಕರ ಮೇಜಿನ ಮೇಲೆ ಇಳಿಸಿ, ಬಾಯಿಗೆ ಕಟ್ಟಿದ್ದ ದಾರ ಬಿಚ್ಚಿದಳು. ಒಳಗೆ ಒಂದು ಸ್ಟಾರ್ಟರ್ ಡಬ್ಬ. ಮುಚ್ಚಳದ ಮೇಲೆ ನಮ್ಮದೇ ಹಳದಿ ಸ್ಟಿಕರ್.

ಮಾಲೀಕರ ಹೆಸರು ತಿಪ್ಪೇಸ್ವಾಮಿ, ಕಲ್ಯಾಣದುರ್ಗದವರು, ನಮಗೆಲ್ಲ ಸ್ವಾಮಣ್ಣ. ಬೋರಿನ ಮೋಟರಿಗೆ ಹಾಕುವ ಸ್ಟಾರ್ಟರ್ ತಯಾರಿಸುವುದು ಶೆಡ್ಡಿನ ಕೆಲಸ. ನಾನು ದಿನಾ ಲೇಪಾಕ್ಷಿಯಿಂದ ಬಸ್ಸಿನಲ್ಲಿ ಬಂದು, ವೈರು ಬೆಸೆದು, ಸ್ಟಿಕರ್ ಅಂಟಿಸಿ, ಪ್ಯಾಕ್ ಮಾಡಿ ಹೋಗುತ್ತಿದ್ದೆ. ಅದು ಎರಡು ಸಾವಿರದ ಏಳನೇ ಇಸವಿ. ಊರೂರಲ್ಲಿ ಎಲ್ಲರಿಗೂ ಮೊಬೈಲ್ ಸ್ಟಾರ್ಟರ್‌ನ ಹುಚ್ಚು ಹಿಡಿದಿತ್ತು. ಮಾಮೂಲಿ ಸ್ಟಾರ್ಟರ್ ಒಳಗೆ ಸಿಮ್ ಹಾಕುವಂಥ ಒಂದು ಕಾರ್ಡ್ ಕೂರಿಸಿದರೆ ಮುಗಿಯಿತು. ಮನೆಯ ಜಗುಲಿಯ ಮೇಲೆ ಕೂತು ಆ ನಂಬರಿಗೆ ಒಂದು ರಿಂಗ್ ಕೊಟ್ಟರೆ ಹೊಲದಲ್ಲಿ ಮೋಟರ್ ಸುರು, ಇನ್ನೊಂದು ರಿಂಗ್ ಕೊಟ್ಟರೆ ಬಂದ್. ಕಾಲ್ ಯಾರೂ ಎತ್ತುವುದಿಲ್ಲವಾದ್ದರಿಂದ ಕಾಸೂ ಖರ್ಚಿಲ್ಲ. ಕಾರ್ಡ್ ನಾವು ಮಾಡಿದ್ದಲ್ಲ, ಬೆಂಗಳೂರಿನಿಂದ ರೆಡಿ ಬರುತ್ತಿತ್ತು. ಯಾರೋ ಯಾವುದಕ್ಕೋ ಮಾಡಿದ ಕಾರ್ಡ್ ಅದು, ಅಂಗಡಿಯ ದೀಪ ಹಾಕುವುದಕ್ಕೋ, ಗೇಟು ತೆಗೆಯುವುದಕ್ಕೋ. ನಾವು ಅದಕ್ಕೆ ನಾಲ್ಕು ಸ್ಕ್ರೂ ಬಿಗಿದು ನಮ್ಮ ಹೆಸರು ಅಂಟಿಸುತ್ತಿದ್ದೆವು.

"ಏನಾಗೈತಮ್ಮ? ಸುಟ್ಟೋಯ್ತಾ?" ಸ್ವಾಮಣ್ಣ ಕೇಳಿದರು.

"ಏನೂ ಆಗಿಲ್ಲ ಕಣಣ್ಣ."

"ಮತ್ಯಾಕೆ ಹೊತ್ಕಂಡ್ ಬಂದೆ?"

"ಒಂದ್ಸಲ ನೋಡಣ್ಣ."

ನಮ್ಮಲ್ಲಿ ಓದಿದವನು ಅಂದರೆ ಅರುಣ್ ಕುಮಾರ್ ಒಬ್ಬನೇ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ, ಜೇಬಿನಲ್ಲಿ ಸದಾ ಟೆಸ್ಟರ್. ಅವನು ಡಬ್ಬಕ್ಕೆ ಕರೆಂಟ್ ಕೊಟ್ಟು, "ಇದರೊಳಗಿರೋ ಸಿಮ್ ನಂಬರ್ ಗೊತ್ತೇನಮ್ಮ?" ಅಂದ. ಅವಳು ಉಸಿರು ಬಿಡದೆ ಹತ್ತೂ ಅಂಕಿ ಹೇಳಿದಳು. ಅವನು ತನ್ನ ಮೊಬೈಲಿನಿಂದ ರಿಂಗ್ ಕೊಟ್ಟ. ಡಬ್ಬದೊಳಗೆ ಟಕ್ ಎಂದಿತು. ಇನ್ನೊಮ್ಮೆ ಕೊಟ್ಟ. ಟಕ್ ಎಂದು ಬಿಟ್ಟುಕೊಂಡಿತು.

"ಚೆನ್ನಾಗೇ ಐತಲ್ಲಮ್ಮ" ಅಂದರು ಸ್ವಾಮಣ್ಣ, ಸ್ವಲ್ಪ ನಗುತ್ತಲೇ.

"ಅದೇ ಕಣಣ್ಣ. ಚೆನ್ನಾಗೈತೆ. ನಾನು ರಿಂಗ್ ಕೊಟ್ಟೆ, ಇದು ಸುರು ಆಯ್ತು. ನಮ್ಮನೆಯೋರು ಬೋರಿನತ್ರ ಕೇಬಲ್ ಇಡ್ಕಂಡು ಕುಂತಿದ್ರು."

ಸ್ವಾಮಣ್ಣನ ನಗು ಮುಖದ ಮೇಲೆ ಹಾಗೇ ಉಳಿದುಹೋಯಿತು. ಅದನ್ನು ಎಲ್ಲಿ ಇಡಬೇಕೆಂದು ಅವರಿಗೆ ತಿಳಿಯಲಿಲ್ಲ. ಅವಳು ಮಾತ್ರ ಚೀಲವನ್ನು ಕೊಡವಿ, ಮಡಚಿ, ಕಂಕುಳಲ್ಲಿ ಇಟ್ಟುಕೊಂಡಳು.

ಆಮೇಲೆ ತುಂಡುತುಂಡಾಗಿ ಕೇಳಿ ತಿಳಿದ ವಿಷಯ ಇದು. ಅವಳ ಊರು ಬ್ರಹ್ಮಸಮುದ್ರದ ಆಚೆ. ಹುಟ್ಟಿದ್ದು ಕಂಬದೂರಿನ ಕಡೆ, ಐದನೇ ಕ್ಲಾಸಿನವರೆಗೆ ಓದು, ಆಮೇಲೆ ಮದುವೆ. ಗಂಡ ಈರಲಿಂಗಪ್ಪ. ಒಬ್ಬಳೇ ಮಗಳು, ಅಮೃತಾ, ಕಲ್ಯಾಣದುರ್ಗದ ಹಾಸ್ಟೆಲಿನಲ್ಲಿದ್ದುಕೊಂಡು ಓದುತ್ತಿದ್ದಳು. ಹದಿನೈದು ದಿನಕ್ಕೊಮ್ಮೆ ಇವಳು ಕಡ್ಲೆಕಾಯಿ ಉಂಡೆ ಕಟ್ಟಿಕೊಂಡು ಮಗಳನ್ನು ನೋಡಲು ಹೋಗುವುದು, ವಾಪಸ್ ಬರುವಾಗ ಕಲ್ಯಾಣದುರ್ಗದ ಬಸ್ ಸ್ಟ್ಯಾಂಡಿನ ಕಾಯಿನ್ ಬಾಕ್ಸಿನಿಂದ ಗಂಡನ ಮೊಬೈಲಿಗೆ ಒಂದು ರಿಂಗ್ ಕೊಡುವುದು. ಒಂದು ರಿಂಗ್ ಅಂದರೆ "ಬಸ್ ಹತ್ತಿದೆ, ಟಿವಿಎಸ್ ತಗಂಡು ಕ್ರಾಸಿಗೆ ಬಾ" ಎಂದರ್ಥ. ಎತ್ತದಿದ್ದರೆ ಪೆಟ್ಟಿಗೆಯಿಂದ ನಾಣ್ಯ ವಾಪಸ್ ಬೀಳುತ್ತಿತ್ತು. ನಮ್ಮ ಕಡೆ ಮನೆಮನೆಗೂ ಇಂಥದ್ದೊಂದು ಲೆಕ್ಕವಿತ್ತು. ನಮ್ಮ ಮನೆಯಲ್ಲಿ ಒಂದು ರಿಂಗ್ ಅಂದರೆ ಅನ್ನಕ್ಕಿಡು, ಎರಡು ರಿಂಗ್ ಅಂದರೆ ಊಟ ಮಾಡಿಕೊಂಡೇ ಬರುತ್ತೇನೆ. ಮಾತಾಡದೆಯೇ ಸಂಸಾರ ಮಾಡುತ್ತಿದ್ದ ಕಾಲ ಅದು.

ಆ ತಿಂಗಳು ಈರಲಿಂಗಪ್ಪ ಹೊಸ ಸಿಮ್ ತೆಗೆದುಕೊಂಡಿದ್ದ. ಯಾವುದೋ ಸ್ಕೀಮು, ಮಾತಾಡುವುದು ಅಗ್ಗ. ಹಳೆಯ ಸಿಮ್‌ಗೆ ಇನ್ನೂ ವ್ಯಾಲಿಡಿಟಿ ಇತ್ತು. ಅದನ್ನು ಯಾರು ಎಸೆಯುತ್ತಾರೆ? ಹೊಲದ ಸ್ಟಾರ್ಟರ್‌ಗೆ ಹಾಕಿದ. ಎಲ್ಲರೂ ಹಾಗೆಯೇ ಮಾಡುತ್ತಿದ್ದರು. ಹೊಸ ನಂಬರ್ ಮನೆಯವರಿಗೆ, ಹಳೇ ನಂಬರ್ ಮೋಟರಿಗೆ. ಹೊಸ ನಂಬರನ್ನು ಹೆಂಡತಿಯಿಂದ ಎರಡು ಮೂರು ಸಲ ಹೇಳಿಸಿಯೂ ಇದ್ದ. ಅವಳೂ ತಪ್ಪಿಲ್ಲದೆ ಒಪ್ಪಿಸಿದ್ದಳು.

ಆದರೆ ಕಾಯಿನ್ ಬಾಕ್ಸಿನ ಮುಂದೆ ನಿಂತಾಗ ಬಸ್ಸು ಆಗಲೇ ಹಾರ್ನ್ ಹೊಡೆಯುತ್ತಿತ್ತು. ಬೆರಳು ತನಗೆ ರೂಢಿಯಿದ್ದ ನಂಬರ್ ಒತ್ತಿತು. ಒಂದು ರಿಂಗ್ ಹೋಯಿತು, ಇಟ್ಟಳು, ನಾಣ್ಯ ಎತ್ತಿಕೊಂಡು ಓಡಿ ಬಸ್ ಹತ್ತಿದಳು. ಅದೇ ಹೊತ್ತಿಗೆ ಈರಲಿಂಗಪ್ಪ ಬೋರಿನ ಬಾಯಿಯ ಪಕ್ಕ ಕುಕ್ಕುರುಗಾಲಲ್ಲಿ ಕೂತು, ಕೇಬಲ್ಲಿನ ಜಾಯಿಂಟ್ ಬಿಚ್ಚಿ ಹೊಸದಾಗಿ ಸುತ್ತುತ್ತಿದ್ದ. ಸ್ಟಾರ್ಟರ್ ಆಫ್ ಮಾಡಿಯೇ ಕೂತಿದ್ದ. ಕಂಬದ ಮೇಲಿನ ಫ್ಯೂಸ್ ತೆಗೆದಿರಲಿಲ್ಲ, ಯಾರೂ ತೆಗೆಯುವುದಿಲ್ಲ. ಹಸಿರು ಗುಂಡಿ ಒತ್ತದೆ ಮೋಟರ್ ಸುರುವಾಗುವುದಿಲ್ಲ ಎಂಬುದು ಅಪ್ಪನ ಕಾಲದಿಂದ ಎಲ್ಲರಿಗೂ ಗೊತ್ತಿರುವ ಮಾತು. ಗುಂಡಿಯ ಹತ್ತಿರ ಯಾರೂ ಇರಲಿಲ್ಲ.

ಕ್ರಾಸಿನಲ್ಲಿ ಇಳಿದಾಗ ಟಿವಿಎಸ್ ಬಂದಿರಲಿಲ್ಲ. ಬಿಸಿಲಿನಲ್ಲಿ ನಡೆಯುತ್ತ, ಗಂಡನಿಗೆ ಏನೇನು ಬಯ್ಯಬೇಕು ಎಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋದಳಂತೆ. ಊರ ಮುಂದೆ ಜನ ಕಂಡರು. ಕರೆಂಟು ಹೊಡೆದಿದೆ ಅಂದರು. ಬಯ್ಯಲಿಕ್ಕೆಂದು ಬಾಯಿಗೆ ತಂದುಕೊಂಡಿದ್ದದ್ದೆಲ್ಲ ಬಾಯಲ್ಲೇ ಉಳಿಯಿತು.

ಅದು ತನ್ನ ರಿಂಗಿನಿಂದ ಎಂದು ಆ ದಿನ ಅವಳಿಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ. ತಿಥಿ ಎಲ್ಲ ಮುಗಿದ ಮೇಲೆ ಗಂಡನ ಮೊಬೈಲ್ ಕೈಗೆ ಸಿಕ್ಕಿತು. ತಾನು ಕೊಟ್ಟ ರಿಂಗನ್ನು ಅದರಲ್ಲಿ ಹುಡುಕಿದಳು. ಇರಲಿಲ್ಲ. ಮಿಸ್ಡ್ ಕಾಲ್ ಇಲ್ಲಿ ಬಂದಿಲ್ಲವೆಂದರೆ ಎಲ್ಲಿಗೆ ಹೋಯಿತು? ಮೊಬೈಲ್ ಹಿಡಿದು ಹೊಲಕ್ಕೆ ಹೋದಳು, ಸ್ಟಾರ್ಟರ್ ಮನೆಯ ಬಾಗಿಲಲ್ಲಿ ನಿಂತು ಹಳೇ ನಂಬರ್ ಒತ್ತಿದಳು. ಟಕ್ ಎಂದಿತು. ಅವತ್ತೇ ಡಬ್ಬ ಬಿಚ್ಚಿಸಿ ಚೀಲಕ್ಕೆ ಹಾಕಿಕೊಂಡಳು. ಹಿಂದೂಪುರದಲ್ಲಿ ಅವಳ ಅಕ್ಕ ನರಸಕ್ಕನ ಮನೆಯಿದೆ. ಅಲ್ಲಿ ಇಳಿದುಕೊಂಡು, ಸ್ಟಿಕರ್ ಮೇಲಿದ್ದ ವಿಳಾಸ ಕೇಳಿಕೊಂಡು ನಮ್ಮಲ್ಲಿಗೆ ಬಂದಳು.

ಸ್ವಾಮಣ್ಣ ಕೆಟ್ಟವರಲ್ಲ. ಅವರು ಮೊದಲು ಮಾಡಿದ್ದು ಎಲ್ಲ ಒಳ್ಳೆಯವರೂ ಮಾಡುವುದನ್ನೇ. ಒಳಗಿನಿಂದ ದುಡ್ಡು ತಂದು ಮೇಜಿನ ಮೇಲಿಟ್ಟರು. ಅವಳು ಅದನ್ನು ನೋಡಿದಳು, ಮುಟ್ಟಲಿಲ್ಲ.

"ಇದನ್ನ ಈಸ್ಕಂಡು ಏನ್ ಮಾಡ್ಲಣ್ಣ? ಬರೇ ರಿಂಗಿಗೆ ಸುರು ಆಗ್ದಂಗೆ ಮಾಡಿ. ಅಷ್ಟೇ."

"ಅದು ರೆಡಿ ಬರೋ ಕಾರ್ಡ್ ಕಣಮ್ಮ. ಅದು ಮಾಡೋದೇ ಹಂಗೆ."

"ಮತ್ತೆ ಬೇರೆ ಥರದ್ದು ಮಾಡಿ."

"ಒಂದು ಸ್ಟಿಕರ್ ಹಾಕ್ಸಾನ. ಜಾಯಿಂಟ್ ಮಾಡೋ ಮುಂಚೆ ಮೇನ್ ಆಫ್ ಮಾಡಿ ಅಂತ ದಪ್ಪಕ್ಷರದಲ್ಲಿ ಬರಸ್ತೀನಿ. ಕನ್ನಡ, ತೆಲುಗು ಎರಡರಲ್ಲೂ."

"ನಮ್ಮನೆಯೋರಿಗೆ ಎರಡೂ ಓದಕ್ ಬತ್ತಿತ್ತು" ಅಂದಳು.

ಅಳುತ್ತ ಹೇಳಿದ್ದರೆ ಸ್ವಾಮಣ್ಣ ಸಮಾಧಾನ ಮಾಡಿ ಕಳಿಸಿಬಿಡುತ್ತಿದ್ದರು. ಕೂಗಾಡಿದ್ದರೆ ನಾವೂ ನಾಲ್ಕು ಮಾತು ಆಡುತ್ತಿದ್ದೆವು. ಅವಳು ಅಂಗಡಿಯಲ್ಲಿ ಉಪ್ಪು ಕೇಳುವ ದನಿಯಲ್ಲಿ ಕೇಳಿದಳು, ಕೇಳಿ ಗೋಡೆಗೆ ಒರಗಿ ಕೂತಳು. ಸಂಜೆ ಶೆಡ್ಡು ಮುಚ್ಚುವಾಗ ಎದ್ದು ಹೋದಳು. ಮಾರನೆಯ ದಿನ ನಾನು ಬಸ್ಸಿಳಿದು ಬರುವಷ್ಟರಲ್ಲಿ ಬಾಗಿಲಲ್ಲೇ ಇದ್ದಳು. ಹೀಗೇ ಒಂದಷ್ಟು ದಿನ ನಡೆಯಿತು. ನನಗೆ ರೇಗಿಹೋಯಿತು. ಸುಮ್ಮನೆ ಕೂತವರನ್ನು ಕಂಡರೆ ನನಗಾಗದು. ಅವಳ ಮಡಿಲಿಗೆ ಒಂದು ಹಿಡಿ ವೈರು ಹಾಕಿ, "ಕುಂತ್ಕಂಡೇ ಇರ್ತೀಯಲ್ಲಕ್ಕ, ಇದರ ತುದಿ ಸುಲ್ದು ಕೊಡು" ಅಂದೆ. ಸುಲಿದು ಕೊಟ್ಟಳು. ಅವಳು ಕೆಲಸಕ್ಕೆ ಸೇರಿದ್ದು ಹೀಗೆ. ಯಾರೂ ಸೇರಿಸಿಕೊಳ್ಳಲಿಲ್ಲ, ಯಾರೂ ಬೇಡ ಅನ್ನಲೂ ಇಲ್ಲ. ತಿಂಗಳ ಕೊನೆಗೆ ಸ್ವಾಮಣ್ಣ ನನ್ನ ಕವರಿನ ಜೊತೆ ಇನ್ನೊಂದು ಕವರ್ ಇಟ್ಟರು. ಸಂಬಳವಾದ್ದರಿಂದ ಅದನ್ನು ತೆಗೆದುಕೊಂಡಳು.

ನಮ್ಮದೇ ಬೋರ್ಡ್ ಮಾಡೋಣ ಎಂದು ಅರುಣ್ ಕುಮಾರ್ ಮೊದಲಿಂದಲೂ ಹೇಳುತ್ತಿದ್ದ. ಸ್ವಾಮಣ್ಣ ಮೊದಲಿಂದಲೂ ಮುಂದೂಡುತ್ತಿದ್ದರು. ರೆಡಿ ಕಾರ್ಡ್ ಅಂದರೆ ಬೆಂಗಳೂರಿಗೆ ಒಂದು ಫೋನು, ಮಾರನೆಯ ದಿನ ಬಸ್ಸಿನಲ್ಲಿ ಪಾರ್ಸಲ್ಲು. ಸ್ವಂತ ಬೋರ್ಡ್ ಅಂದರೆ ನಕ್ಷೆ ಬರೆಸಬೇಕು, ಅಚ್ಚು ಹಾಕಿಸಬೇಕು, ಬಿಡಿ ಸಾಮಾನು ತರಿಸಿ ನಾವೇ ಬೆಸೆಯಬೇಕು, ಕೆಟ್ಟರೆ ಬೈಸಿಕೊಳ್ಳುವವರೂ ನಾವೇ. ಆದರೆ ಗೋಡೆಗೊರಗಿದ ಆ ಹೆಂಗಸು ದಿನಾ ಕಣ್ಣಿಗೆ ಬೀಳುತ್ತಿದ್ದಳು. ಒಂದು ದಿನ ಸ್ವಾಮಣ್ಣ ಊಟದ ಕ್ಯಾರಿಯರ್ ಬಿಚ್ಚಿದವರು ಮುಚ್ಚಿಬಿಟ್ಟು, "ಅರುಣಾ, ನೀನಂದಿದ್ದು ಸುರು ಮಾಡು" ಅಂದರು.

ಅರುಣ್ ಖುಷಿಗೆ ಕುಣಿದಾಡಿಬಿಟ್ಟ. ಬೆಂಗಳೂರಿಗೂ ಹಿಂದೂಪುರಕ್ಕೂ ಓಡಾಡಿ ಓಡಾಡಿ ಟ್ರೈನಿನ ಟಿಟಿಗೂ ಪರಿಚಯವಾದ. ಮೊದಲ ಬೋರ್ಡ್ ಬಂದಾಗ ಹೆಂಡತಿ ಹೆತ್ತವನ ಹಾಗೆ ಎಲ್ಲರಿಗೂ ತೋರಿಸಿದ. ಹಸಿರು ಬಣ್ಣ, ಮೂಲೆಯಲ್ಲಿ ಬಿಳಿ ಅಕ್ಷರದಲ್ಲಿ ನಮ್ಮ ಶೆಡ್ಡಿನ ಹೆಸರು. "ಮೂಗು ನಿನ್ನಂಗೇ ಐತೆ ಕಣಪ್ಪ" ಎಂದು ನಾನು ಛೇಡಿಸಿದೆ. ಶಿವಲಕ್ಷ್ಮಮ್ಮ ಅದನ್ನು ಕೈಗೆ ತೆಗೆದುಕೊಂಡು ಹಿಂದುಮುಂದು ನೋಡಿ, "ಇದು ಕೇಳುತ್ತಾ?" ಅಂದಳು. ಅರುಣ್‌ಗೆ ಅರ್ಥವಾಗಲಿಲ್ಲ. "ಸುರು ಮಾಡ್ಲಾ ಅಂತ ಕೇಳುತ್ತಾ?" ಎಂದು ಬಿಡಿಸಿ ಕೇಳಿದಳು.

ಕೇಳುತ್ತಿತ್ತು. ಬರೀ ರಿಂಗ್ ಕೊಟ್ಟು ಕಟ್ ಮಾಡಿದರೆ ಕಿವುಡನ ಹಾಗೆ ಇರುತ್ತಿತ್ತು. ಬಿಡದೆ ರಿಂಗ್ ಮಾಡಿದರೆ ತಾನೇ ಕಾಲ್ ಎತ್ತಿ ಪೀಂ ಅನ್ನುತ್ತಿತ್ತು. ಆಮೇಲೆ ಒಂದು ಒತ್ತಿದರೆ ಮಾತ್ರ ಮೋಟರ್ ಸುರು, ಸೊನ್ನೆ ಒತ್ತಿದರೆ ಬಂದ್. ಏನೂ ಒತ್ತದಿದ್ದರೆ ತೆಪ್ಪಗೆ ಇಟ್ಟುಬಿಡುತ್ತಿತ್ತು. ಮೊದಮೊದಲು ಕಾಟ ಕೊಟ್ಟಿತು. ನಮ್ಮ ಹಳ್ಳಿಗಳ ಕರೆಂಟ್ ಒಂದು ಗಳಿಗೆ ಬುಡ್ಡಿದೀಪದಂತಿದ್ದರೆ ಮರುಗಳಿಗೆ ಬಲ್ಬನ್ನೇ ಸುಡುತ್ತದೆ. ಅದಕ್ಕೆ ಬೋರ್ಡ್ ಮಂಕು ಹಿಡಿದು ಕೂತುಬಿಡುತ್ತಿತ್ತು. ವಾಪಸ್ ಬಂದ ಡಬ್ಬಗಳನ್ನು ಬಿಚ್ಚಿ ಅರುಣ್ ಏನೇನೋ ಸೇರಿಸಿದ, ನಾವು ಮತ್ತೆ ಬೆಸೆದೆವು. ಕೊನೆಗೆ ಕಾಟ ನಿಂತಿತು.

ಪ್ರತಿ ಬೋರ್ಡನ್ನೂ ಪರೀಕ್ಷೆ ಮಾಡಿ ಪಾಸ್ ಚೀಟಿ ಅಂಟಿಸಲು ಒಬ್ಬರು ಬೇಕಾಯಿತು. ಶಿವಲಕ್ಷ್ಮಮ್ಮ, "ನಾನು ಮಾಡ್ತೀನಿ" ಅಂದಳು. ಟೆಸ್ಟಿಗೆ ಒಂದು ಸಿಮ್ ಬೇಕು ಎಂದು ಅರುಣ್ ಹೇಳಿದ್ದೇ ತಡ, ಸೆರಗಿನ ಗಂಟು ಬಿಚ್ಚಿ ಒಂದು ಸಿಮ್ ತೆಗೆದು ಮೇಜಿನ ಮೇಲಿಟ್ಟಳು. ಅವಳು ತಂದಿದ್ದ ಡಬ್ಬದೊಳಗಿನ ಸಿಮ್ ಅದು, ಈರಲಿಂಗಪ್ಪನ ಹಳೇ ನಂಬರ್.

"ಬೇರೆ ಹೊಸದು ತರಸಾನ ಕಣಕ್ಕ" ಅಂದೆ.

"ಯಾಕಮ್ಮ? ಇದಕ್ಕೆ ವ್ಯಾಲಿಡಿಟಿ ಐತೆ."

ಅಂದಿನಿಂದ ಅವಳ ಕೆಲಸ ಅದೇ ಆಯಿತು. ಗಂಡನ ಸಿಮ್ಮನ್ನು ಬೋರ್ಡಿಗೆ ಹಾಕುವುದು, ಗಂಡನ ಮೊಬೈಲಿನಿಂದ ಅದಕ್ಕೆ ರಿಂಗ್ ಕೊಡುವುದು, ಕಟ್ ಮಾಡುವುದು, ಡಬ್ಬದ ಮೇಲೆ ಅಂಗೈ ಇಟ್ಟು ಕಾಯುವುದು. ಏನೂ ಆಗದಿದ್ದರೆ ಪಾಸು. ಆಮೇಲೆ ಒಂದು, ಸೊನ್ನೆ ಒತ್ತಿ ನೋಡುವುದು. ಏನೂ ಆಗದಿರುವುದನ್ನು ನೋಡಲು ಸಂಬಳ ಕೊಡುವ ಕೆಲಸ ನಾನು ಬೇರೆಲ್ಲೂ ಕಂಡಿಲ್ಲ. ಅವಳು ಅದನ್ನು ಪಾತ್ರೆ ತೊಳೆಯುವಂತೆ ಮಾಡುತ್ತಿದ್ದಳು, ಮುಖದಲ್ಲಿ ಒಂದು ಗೆರೆಯೂ ಅಲುಗದೆ. ಊರಲ್ಲಿ ಇವಳ ಬಾಯಿಗೆ ಹೆದರಿ ಬಸ್ ಕಂಡಕ್ಟರ್ ಚಿಲ್ಲರೆ ಸರಿಯಾಗಿ ಕೊಡುತ್ತಿದ್ದ ಎಂದು ನರಸಕ್ಕ ಹೇಳಿದಾಗ ನಾನು ನಂಬಲಿಲ್ಲ. ನಾನು ನೋಡಿದ ಶಿವಲಕ್ಷ್ಮಮ್ಮ ಮುದ್ದೆಗೆ ಉಪ್ಪಿಲ್ಲದಿದ್ದರೂ ತಿಂದು ಎದ್ದು ಹೋಗುವವಳು.

ಅರುಣ್‌ಗೆ ಅವಳ ಮೇಲೆ ಒಂದೇ ದೂರು. ರಿಂಗ್ ಕಟ್ ಮಾಡಿದ ಮೇಲೆ ಬಹಳ ಹೊತ್ತು ಕಾಯುತ್ತಾಳೆ ಎಂದು. "ಸುರು ಆಗೋ ಹಂಗಿದ್ರೆ ಆ ಕ್ಷಣವೇ ಆಗೋಯ್ತದೆ ಅಕ್ಕ. ಆಮೇಲೆ ಕಾಯೋದು ದಂಡ" ಎಂದು ತಿಳಿಸಿ ಹೇಳಿದ. ಹೂಂ ಅಂದಳು. ಮತ್ತೆ ಅಷ್ಟೇ ಹೊತ್ತು ಕಾದಳು. ನನ್ನ ಪ್ಯಾಕಿಂಗ್ ಅವಳಿಂದ ತಡವಾಗುತ್ತಿತ್ತು, ನಾನೂ ಗೊಣಗಿದೆ. ಗೊಣಗಾಟ ಅವಳಿಗೆ ತಾಕುತ್ತಲೇ ಇರಲಿಲ್ಲ.

ಬೋರ್ಡ್ ಸರಿಹೋಯಿತು, ವ್ಯಾಪಾರ ಸರಿಹೋಗಲಿಲ್ಲ. ನಮ್ಮ ಡಬ್ಬ ಕಾಲ್ ಎತ್ತುತ್ತದೆ, ಎತ್ತಿದರೆ ಪ್ರತಿ ಸಲ ಒಂದು ರೂಪಾಯಿ ಹೋಗುತ್ತದೆ. ಬೇರೆಯವರ ಡಬ್ಬ ಮಿಸ್ಡ್ ಕಾಲಿಗೇ ಓಡುತ್ತದೆ. ಮಿಸ್ಡ್ ಕಾಲಿನಲ್ಲಿ ಸಂಸಾರ ಮಾಡುವ ಜನ ಮೋಟರಿಗೆ ಮಾತ್ರ ಕಾಸು ಖರ್ಚು ಮಾಡುತ್ತಾರೆಯೇ? ಕಲ್ಯಾಣದುರ್ಗದ ಬಸ್ ಸ್ಟ್ಯಾಂಡ್ ಹತ್ತಿರ ಅಂಗಡಿಯಿಟ್ಟ ಮುತ್ಯಾಲಪ್ಪ ನಮ್ಮ ದೊಡ್ಡ ಡೀಲರ್. ಬ್ರಹ್ಮಸಮುದ್ರ, ಕಂಬದೂರಿಗೆಲ್ಲ ಅವನ ಕೈಯಿಂದಲೇ ಮಾಲು ಹೋಗಬೇಕು. ಬೇಸಿಗೆಗೆ ಮುಂಚೆ ಅವನೇ ಶೆಡ್ಡಿಗೆ ಬಂದ.

"ಮಿಸ್ಡ್ ಕಾಲ್‌ದೇ ಕಾವಾಲಂಟುನ್ನಾರು ಸ್ವಾಮೀ" ಎಂದು ತೆಲುಗಿನಲ್ಲಿ ಸುರು ಮಾಡಿ ಕನ್ನಡಕ್ಕೆ ಹೊರಳಿದ. "ಮಿಸ್ಡ್ ಕಾಲ್‌ದೇ ಬೇಕಂತಾರೆ. ಹಳೇ ಥರದ್ದು ಕೊಡೋದಾದ್ರೆ ಈ ಬ್ಯಾಸಿಗೆ ಮಾಲೆಲ್ಲ ನಿಮ್ತಾವೇ ತಗಂತೀನಿ. ಇಲ್ಲಾಂದ್ರೆ ಬೇರೆ ಕಡೆ ನೋಡ್ಕಂತೀನಿ, ಬ್ಯಾಸರ ಮಾಡ್ಕಬ್ಯಾಡಿ."

ಅವನು ಹೋದ ಮೇಲೆ ಅರುಣ್ ಒಂದು ದಾರಿ ಹೇಳಿದ. ಮನೆಯವರ ನಂಬರುಗಳನ್ನು ಮಾತ್ರ ಬೋರ್ಡಿಗೆ ಹೇಳಿಕೊಟ್ಟರೆ, ಅವರ ಮಿಸ್ಡ್ ಕಾಲಿಗೆ ಮಾತ್ರ ಸುರುವಾಗುತ್ತದೆ, ಹೊರಗಿನವರ ರಿಂಗಿಗೆ ಆಗುವುದಿಲ್ಲ. ಸ್ವಾಮಣ್ಣನ ಮುಖ ಅರಳಿತು. ಶಿವಲಕ್ಷ್ಮಮ್ಮ ಚೀಟಿ ಅಂಟಿಸುತ್ತಿದ್ದವಳು ತಲೆ ಎತ್ತದೆಯೇ ಅಂದಳು, "ಹೊರಗಿನೋರು ಯಾಕಣ್ಣ ರಿಂಗ್ ಕೊಡ್ತಾರೆ? ಮನೆಯೋರೇ ತಾನೆ ಕೊಡೋದು. ಅವತ್ತು ನನ್ ಕೈಯಾಗೂ ಒಂದು ಮೊಬೈಲ್ ಇದ್ದಿದ್ರೆ ಅದ್ರಿಂದ್ಲೇ ಕೊಡ್ತಿದ್ದೆ."

ಅಲ್ಲಿಗೆ ಆ ಮಾತು ನಿಂತಿತು. ಆದರೆ ಎರಡು ದಿನ ಬಿಟ್ಟು ಬೆಂಗಳೂರಿನಿಂದ ಪಾರ್ಸಲ್ ಬಂತು. ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಸಾಲಾಗಿ ರೆಡಿ ಕಾರ್ಡುಗಳು. ಅರುಣ್ ಪೆಟ್ಟಿಗೆಯನ್ನು ನೋಡಿ ಹೊರಗೆ ಟೀ ಕುಡಿಯಲು ಹೋದವನು ಮಧ್ಯಾಹ್ನದವರೆಗೆ ಬರಲಿಲ್ಲ. ನಾನು ಸುಮ್ಮನಿರುವವಳಲ್ಲ, ಸ್ವಾಮಣ್ಣನ ಮುಂದೆ ಹೋಗಿ ನಿಂತೆ.

"ಇದೇನ್ ಸ್ವಾಮಣ್ಣ? ನಿಮ್ಗೆ ನಾಚ್ಕೆ ಆಗಲ್ವಾ?"

"ಆಯ್ತದೆ ಕಣಮ್ಮ" ಅಂದರು. "ಇದೊಂದು ಸಲ. ಶೆಡ್ಡು ಮುಚ್ಚಿದ್ರೆ ನಿಂಗೂ ಕೆಲ್ಸ ಇಲ್ಲ, ಆಯಮ್ಮಂಗೂ ಇಲ್ಲ. ಆಗ ನಿನ್ನ ಬೋರ್ಡ್ ಯಾರು ಮಾಡ್ತಾರೆ ಹೇಳು?"

ಅವರು ಹೇಳಿದ್ದು ಸುಳ್ಳಾಗಿರಲಿಲ್ಲ, ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಆ ವಾರವೆಲ್ಲ ಕಾರ್ಡುಗಳನ್ನು ಡಬ್ಬಗಳಿಗೆ ಕೂರಿಸಿದೆವು. ಶಿವಲಕ್ಷ್ಮಮ್ಮನೂ ಕೂರಿಸಿದಳು. ಒಂದು ಸಲ ಕೂಗಾಡಿಬಿಡಲಿ, ಸ್ವಾಮಣ್ಣನ ಮೇಲೆ ಒಂದು ಡಬ್ಬ ಎತ್ತಿ ಹಾಕಲಿ ಎಂದು ನಾನು ಕಾದೆ. ಅವಳು ಸ್ಕ್ರೂ ಬಿಗಿಯುತ್ತಿದ್ದಳು.

ಟೆಸ್ಟ್ ಮಾಡುವ ದಿನ ಡಬ್ಬಗಳನ್ನು ಅವಳ ಮೇಜಿನ ಪಕ್ಕ ಗೋಡೆಯುದ್ದಕ್ಕೂ ಪೇರಿಸಿದೆವು. ಈ ಸಲದ ಪರೀಕ್ಷೆ ತಿರುವುಮುರುವು. ರಿಂಗ್ ಕೊಟ್ಟ ಕೂಡಲೇ ಸುರುವಾದರೆ ಪಾಸು. ಅವಳು ಸಿಮ್ ಹಾಕಿದಳು, ರಿಂಗ್ ಕೊಟ್ಟಳು. ಟಕ್ ಎಂದಿತು. ಸಿಮ್ ತೆಗೆದಳು, ಮುಂದಿನ ಡಬ್ಬಕ್ಕೆ ಹಾಕಿದಳು, ಅದೇ ನಂಬರಿಗೆ ರಿಂಗ್ ಕೊಟ್ಟಳು. ಟಕ್. ಮತ್ತೆ ಮುಂದಿನದು. ನಾನು ಪ್ಯಾಕಿಂಗ್ ಬಿಟ್ಟು ಅವಳ ಕೈಯನ್ನೇ ನೋಡುತ್ತಿದ್ದೆ. ಒಂದನ್ನೂ ಬಿಡದೆ ಎಲ್ಲವನ್ನೂ ನೋಡಿದಳು. ಆಮೇಲೆ ಎದ್ದು ಸ್ವಾಮಣ್ಣನ ಮೇಜಿನ ಹತ್ತಿರ ಹೋದಳು.

"ಎಲ್ಲಾ ನೋಡ್ದೆ ಕಣಣ್ಣ. ಎಲ್ಲಾ ಚೆನ್ನಾಗವೆ. ಒಂದಕ್ಕೂ ಏನೂ ಆಗಿಲ್ಲ."

ಮೊದಲ ದಿನ ಗೋಣಿಚೀಲ ಬಿಚ್ಚಿದಾಗ ಹೇಳಿದ ಮಾತೇ ಅದು, ದನಿಯೂ ಅದೇ. ಪಾಸ್ ಚೀಟಿಯ ಸುರುಳಿ ಅವಳ ಕೈಯಲ್ಲಿ ಬಿಚ್ಚದೆ ಹಾಗೇ ಇತ್ತು. ಅದನ್ನು ಸ್ವಾಮಣ್ಣನ ಮುಂದೆ ಇಟ್ಟಳು.

"ಚೀಟಿ ನೀವೇ ಅಂಟಿಸ್ಕಳಿ" ಅಂದಳು. ಹೋಗಿ ತನ್ನ ಜಾಗದಲ್ಲಿ ಕೂತು ಊಟದ ಡಬ್ಬಿ ಬಿಚ್ಚಿದಳು.

ಸ್ವಾಮಣ್ಣ ಚೀಟಿಯ ಸುರುಳಿಯನ್ನು ಕೈಗೆತ್ತಿಕೊಂಡರು. ಒಂದು ಚೀಟಿಯ ತುದಿಯ ಮೇಲೆ ಉಗುರು ಇಟ್ಟರು, ತೆಗೆದರು. ಕೊನೆಗೆ ಎದ್ದು ಬಂದು ನನ್ನ ಮೇಜಿನಿಂದ ಸ್ಕ್ರೂಡ್ರೈವರ್ ತೆಗೆದುಕೊಂಡು, ಮೇಲಿನ ಡಬ್ಬವನ್ನು ಕೆಳಗಿಳಿಸಿ, ತಾವೇ ಮುಚ್ಚಳ ಬಿಚ್ಚಿ ಕಾರ್ಡ್ ಹೊರಗೆ ತೆಗೆದರು. ಎರಡನೆಯದನ್ನು ಅರುಣ್ ಬಿಚ್ಚಿದ, ಮೂರನೆಯದನ್ನು ನಾನು. ಸಂಜೆ ಮುತ್ಯಾಲಪ್ಪ ಫೋನ್ ಮಾಡಿದಾಗ ಸ್ವಾಮಣ್ಣ, "ಲೇದಪ್ಪಾ, ಆ ಮಾಲ್ ಮಾ ದಗ್ಗರ ಲೇದು" ಎಂದಷ್ಟೇ ಹೇಳಿ ಇಟ್ಟರು. ನಮ್ಮಲ್ಲಿ ಆ ಮಾಲು ಇಲ್ಲ ಎಂದು. ಗೋಡೆಯ ಪಕ್ಕ ಅದೇ ಮಾಲು ರಾಶಿ ಬಿದ್ದಿತ್ತು.

ಮುತ್ಯಾಲಪ್ಪ ಬೇರೆ ಕಡೆ ನೋಡಿಕೊಂಡ. ನಾವು ಗೆದ್ದೆವು ಅಂತ ನನಗೆ ಯಾವತ್ತೂ ಅನ್ನಿಸಲಿಲ್ಲ. ಬೇರೆಯವರ ಮಿಸ್ಡ್ ಕಾಲ್ ಡಬ್ಬಗಳು ಇಡೀ ಬೇಸಿಗೆ ನಮ್ಮ ಕಣ್ಣ ಮುಂದೆಯೇ ಬಸ್ಸಿನ ಟಾಪ್ ಮೇಲೆ ಊರೂರಿಗೆ ಹೋದವು. ನಾವು ಮಾಮೂಲಿ ಸ್ಟಾರ್ಟರ್ ಮಾಡಿಕೊಂಡು, ಕೇಳಿದವರಿಗೆ ನಮ್ಮ ಬೋರ್ಡ್ ಹಾಕಿಕೊಟ್ಟುಕೊಂಡು ಇದ್ದೆವು. ಕೇಳುವವರು ಕಡಿಮೆ. ಶೆಡ್ಡು ಮುಚ್ಚಲಿಲ್ಲ, ಬೆಳೆಯಲೂ ಇಲ್ಲ. ನನ್ನ ಸಂಬಳ ನಿಂತಲ್ಲೇ ನಿಂತಿತು. ಅದಕ್ಕೆ ಸ್ವಾಮಣ್ಣನನ್ನು ಆಗಾಗ ಬೈದುಕೊಂಡೇ ನಾನು ಅಲ್ಲಿ ಉಳಿದೆ.

ಒಂದು ಮಧ್ಯಾಹ್ನ ಆರ್ಡರ್ ಕಡಿಮೆಯಿತ್ತು. ಸ್ವಾಮಣ್ಣ, ಅರುಣ್ ಇಬ್ಬರೂ ಹೊರಗೆ ಹೋಗಿದ್ದರು. ಶಿವಲಕ್ಷ್ಮಮ್ಮ ಒಂದೊಂದೇ ಬೋರ್ಡ್ ನೋಡಿ ಕೊಡುತ್ತಿದ್ದಳು, ನಾನು ಪ್ಯಾಕ್ ಮಾಡುತ್ತಿದ್ದೆ. ರಿಂಗ್ ಕೊಟ್ಟಳು, ಕಟ್ ಮಾಡಿದಳು, ಡಬ್ಬದ ಮೇಲೆ ಅಂಗೈ ಇಟ್ಟಳು. ಡಬ್ಬ ಸುಮ್ಮನಿತ್ತು. ನಾನು ಖಾಲಿ ರಟ್ಟಿನ ಪೆಟ್ಟಿಗೆ ಹಿಡಿದುಕೊಂಡು ಕಾದೆ. ಅವಳು ಕಣ್ಣು ಬಾಗಿಲಾಚೆ ನೆಟ್ಟು ಕೂತೇ ಇದ್ದಳು.

"ಆಯ್ತಲ್ಲಕ್ಕ. ಸುರು ಆಗಿಲ್ಲ, ಪಾಸು. ಇನ್ನೂ ಯಾಕೆ ಕಾಯ್ತೀಯ?" ಅಂದೆ. ಈ ಸಲ ಗೊಣಗಿ ಕೇಳಿದ್ದಲ್ಲ, ಸುಮ್ಮನೆ ಕೇಳಿದೆ.

"ಜಾಯಿಂಟ್ ಸುತ್ತಬೇಕಲ್ಲಮ್ಮ" ಅಂದಳು.

ನನಗೆ ತಿಳಿಯಲಿಲ್ಲ. "ಯಾವ ಜಾಯಿಂಟು?"

"ಸುತ್ತಿ, ಟೇಪ್ ಹಾಕಿ, ಎದ್ದು, ಕೈ ತೊಳ್ಕಳಕೆ ಇಷ್ಟೊತ್ತು ಬೇಕು ಕಣಮ್ಮ. ನಮ್ಮನೆಯೋರು ನಿಧಾನ. ಎದ್ದು ಟಿವಿಎಸ್ ತಾವಕ್ಕೆ ಹೋದ್ರು ಅನ್ನಿಸ್ದಾಗ ಕೈ ತೆಗೀತೀನಿ."

ಇನ್ನೂ ಸ್ವಲ್ಪ ಹೊತ್ತು ಹಾಗೇ ಕೂತಿದ್ದಳು. ಆಮೇಲೆ ಡಬ್ಬದ ಮೇಲಿಂದ ಕೈ ತೆಗೆದು, ಚೀಟಿ ಅಂಟಿಸಿ, ಸಿಮ್ ಬಿಚ್ಚಿಕೊಂಡು ಡಬ್ಬವನ್ನು ನನ್ನ ಕಡೆ ತಳ್ಳಿದಳು. ನಾನು ಅದನ್ನು ಪ್ಯಾಕ್ ಮಾಡಿದೆ. ಅವಳು ಮುಂದಿನ ಬೋರ್ಡ್ ತೆಗೆದುಕೊಂಡು ರಿಂಗ್ ಕೊಟ್ಟಳು. ಈ ಸಲ ಅವಳ ಜೊತೆ ನಾನೂ ಕಾದೆ.